ಅಕ್ಟೋಬರ್ ವಾಕಥಾನ್: ಉಳಿದ ದುಡ್ಡು ಯಾವುದಕ್ಕೆ ಕೊಡೋದು?

ಎಂಸಿಸಿ_ಬಿ_ಬ್ಲಾಕ್ (ದಾವಣಗೆರೆ) ಕೇಳಿದ್ದು:

ನಮ್ಮ ಬಡಾವಣೆ ಮಹಿಳಾ ಸಂಘದಿಂದ ಸ್ತನ ಕ್ಯಾನ್ಸರ್ ವಾಕಥಾನ್ ಮಾಡೋಣ ಅಂತ ಹೊರಟಿದ್ದೀವಿ. ಬೆಳಗ್ಗೆ ಆರಕ್ಕೆ ಹೈಸ್ಕೂಲ್ ಮೈದಾನದಿಂದ ಗಾಜಿನ ಮನೆವರೆಗೆ. ತಲೆಗೆ 300 ರೂಪಾಯಿ, 300 ಜನ ಬಂದ್ರೆ 90,000. ಅದರಲ್ಲಿ ಗುಲಾಬಿ ಟೀ ಶರ್ಟಿಗೇ 66,000 ಹೋಗುತ್ತೆ. ಮೈಕು, ಶಾಮಿಯಾನ, ನೀರು, ಬಾಳೆಹಣ್ಣು ಕಳೆದ್ರೆ ಕೈಗೆ ಬರೋದು ಅಷ್ಟಕ್ಕಷ್ಟೆ. ಬ್ಯಾನರಿನಲ್ಲಿ ಮಾತ್ರ "ಕ್ಯಾನ್ಸರ್ ಸಂಶೋಧನೆ ಮತ್ತು ಆರೈಕೆಗಾಗಿ" ಅಂತ ದಪ್ಪಕ್ಷರ! ಅಧ್ಯಕ್ಷರು "ಜಾಗೃತಿ ಆದ್ರೆ ಸಾಕು ಬಿಡ್ರೀ" ಅಂತಾರೆ. ನನಗೆ ಸಮಾಧಾನ ಇಲ್ಲ. ದುಡ್ಡು ಹೆಚ್ಚು ಉಳಿಸೋದು ಹೆಂಗೆ, ಯಾರಿಗೆ ಕೊಡೋದು?

ಲೆಕ್ಕದ_ಪುಸ್ತಕ:

ಸಂಘದ ಹೆಸರಲ್ಲೇ ಬ್ಯಾಂಕ್ ಖಾತೆ ಇರಲಿ, ಯಾರದೋ ಫೋನ್‌ಪೇಗೆ ಹಾಕಿಸ್ಕೋಬೇಡಿ. 80ಜಿ ರಸೀದಿ (ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸೋದು) ಕೊಡ್ತೀವಿ ಅಂತ ಪ್ರಚಾರ ಮಾಡೋ ಮುಂಚೆ ಸಂಘಕ್ಕೆ ಆ ನೋಂದಣಿ ಇದೆಯಾ ನೋಡಿ. ಇದ್ದರೂ 2,000 ದಾಟಿದ ನಗದಿಗೆ ವಿನಾಯಿತಿ ಸಿಗಲ್ಲ, ಹೊಸ ತೆರಿಗೆ ಪದ್ಧತಿಯಲ್ಲಿ ಇರೋರಿಗಂತೂ ಇಲ್ಲವೇ ಇಲ್ಲ. ಪೊಲೀಸ್ ಅನುಮತಿ ಪತ್ರ ಮರೀಬೇಡಿ.

ಮಗಳ_ಮನೆ_ಡಲ್ಲಾಸ್:

ಈ ನಡಿಗೆ, ಓಟದ ಪದ್ಧತಿ ಜೋರಾಗಿದ್ದೇ ನನ್ನ ಮಗಳಿರೋ ಊರಿಂದ. ಅಕ್ಕ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ ಮೇಲೆ ನ್ಯಾನ್ಸಿ ಬ್ರಿಂಕರ್ ಅನ್ನೋ ಹೆಣ್ಣುಮಗಳು 1982ರಲ್ಲಿ ಅಕ್ಕನ ಹೆಸರಲ್ಲೇ ಸೂಸನ್ ಜಿ. ಕೋಮೆನ್ ಸಂಸ್ಥೆ ಕಟ್ಟಿದರು. ಮರುವರ್ಷವೇ ಡಲ್ಲಾಸ್‌ನಲ್ಲಿ ಮೊದಲ ಓಟ. ಅವರದೇ ಮೂರು ದಿನದ ನಡಿಗೆ ಒಂದಿದೆ, 60 ಮೈಲಿ. ಅಂದ್ರೆ ದಾವಣಗೆರೆಯಿಂದ ದುರ್ಗಕ್ಕೆ ಹೋಗಿ ಮತ್ತೆ ಅರ್ಧ ದಾರಿಗಿಂತ ಹೆಚ್ಚು ವಾಪಸ್ ಬಂದಂಗೆ! ಅಲ್ಲಿ ದುಡ್ಡು ಆಗೋದು ಪ್ರವೇಶ ಶುಲ್ಕದಿಂದಲ್ಲ. ನಡೆಯೋ ಒಬ್ಬೊಬ್ಬರೂ ನೆಂಟರು, ಗೆಳೆಯರು, ಆಫೀಸಿನವರ ಹತ್ರ ಕೇಳಿ ಕನಿಷ್ಠ 2,300 ಡಾಲರ್ ಕೂಡಿಸಬೇಕು. ನಮ್ಮ ಗಣಪತಿ ಚಂದಾ ಇದ್ದಂಗೆ ಅನ್ಕೊಳ್ಳಿ. ನೀವೂ ಶುಲ್ಕ ಬಿಟ್ಟು, ಒಬ್ಬೊಬ್ಬರಿಗೆ ಒಂದು ರಸೀದಿ ಪುಸ್ತಕ ಕೊಟ್ಟು ನೋಡಿ.

ಕೋಟೆ_ಕೆಳಗಿನವಳು (ಚಿತ್ರದುರ್ಗ):

ಅಕ್ಕಾ, ನಾನು ಎಡಗಡೆದು ತೆಗೆಸಿಕೊಂಡವಳು. ಬ್ಯಾನರಿನ ಸಂಶೋಧನೆ ಮಾತು ಮೊದಲು ಮುಗಿಸ್ತೀನಿ. ನನ್ನ ಗಡ್ಡೆ ಹರ್-2 ಪಾಸಿಟಿವ್ ಇತ್ತು, ಅಂದ್ರೆ ಗಡ್ಡೆ ಬೆಳೆಸೋ ಒಂದು ಪ್ರೋಟೀನ್ ಅದರಲ್ಲಿ ಜಾಸ್ತಿ. ಅದಕ್ಕೆ ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್, 21 ದಿನಕ್ಕೊಂದು, ವರ್ಷವಿಡೀ. ಅದನ್ನ ಕಂಡುಹಿಡಿಯೋ ಕಾಲಕ್ಕೆ ಲಾಸ್ ಏಂಜಲೀಸ್‌ನ ಡಾಕ್ಟರ್ ಡೆನಿಸ್ ಸ್ಲಾಮನ್ ಅವರಿಗೆ ದುಡ್ಡು ಕೊಟ್ಟವರಲ್ಲಿ ಲಿಪ್‌ಸ್ಟಿಕ್ ಮಾಡೋ ರೆವ್ಲಾನ್ ಕಂಪನಿ ಒಂದು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅಂಥದೇ ಔಷಧ ಕಡಿಮೆ ಬೆಲೆಗೆ ತಂತು. ಹಂಗಾಗಿ ಸಂಶೋಧನೆಗೆ ಕೊಟ್ಟ ದುಡ್ಡು ದಂಡ ಅಂತ ನಾನಂತೂ ಅನ್ನಂಗಿಲ್ಲ. ಆದ್ರೆ ಅದು ವರ್ಷಗಟ್ಟಲೆ ಕೋಟಿಗಟ್ಟಲೆ ಸುರಿಯೋ ಕೆಲಸ. ನಿಮ್ಮ ಇಪ್ಪತ್ತು ಮೂವತ್ತು ಸಾವಿರ ಅಲ್ಲಿ ಯಾವ ಮೂಲೆಗೆ? ಬ್ಯಾನರಿನಿಂದ ಸಂಶೋಧನೆ ಅನ್ನೋ ಪದ ಅಳಿಸಿ.

ಆರೈಕೆಗೆ ಅಂದ್ರೆ ಅದೇ ಇಪ್ಪತ್ತು ಮೂವತ್ತು ಸಾವಿರ ದೊಡ್ಡ ದುಡ್ಡು. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಆಗುತ್ತೆ. ಅದು ಮುಟ್ಟದ ಖರ್ಚು ಕೇಳಿ. ಕಂಕುಳಿನ ಗಂಟು ತೆಗೆದ ಮೇಲೆ ನನ್ನ ಕೈ ಊದಿ ಬಳೆ ಏರದಂಗಾಯ್ತು. ಅದಕ್ಕೆ ತೋಳಿಗೆ ಬಿಗಿಯಾದ ಗವಸು (ಸ್ಲೀವ್) ಹಾಕ್ಕೋಬೇಕು, ಆರು ತಿಂಗಳಿಗೆ ಅದು ಸಡಿಲ, ಮತ್ತೆ ಹೊಸದು. ಇನ್ನು ಕುಪ್ಪಸ. ಒಂದು ಕಡೆ ಭಾರ ಇಲ್ಲದೆ ಮೇಲಕ್ಕೆ ಎಳೀತದೆ. ನಾನು ಹಳೇ ಧೋತ್ರದ ಬಟ್ಟೆಗೆ ಹತ್ತಿ ತುಂಬಿ, ತೂಕಕ್ಕೆ ಒಳಗೆ ಸಾಸಿವೆ ಗಂಟು ಇಟ್ಟು ಹೊಲ್ಕೊಂಡಿದ್ದೀನಿ. ಸಿಲಿಕೋನ್‌ನ ಕೃತಕ ಸ್ತನ ಕೇಳಿದ್ರೆ ಎದೆ ಧಸಕ್ಕನ್ನೋ ಬೆಲೆ! ಇಂಥದ್ದನ್ನ ಯಾವ ವೇದಿಕೆ ಮೇಲೂ ಯಾರೂ ಮಾತಾಡಲ್ಲ.

ಆಮೇಲೆ ಓಡಾಟ. ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಬೇಕು. ನನಗೆ ಶಕ್ತಿ ಬಸ್ಸು ಪುಕ್ಕಟೆ, ಜೊತೆಗೆ ಬರೋ ಯಜಮಾನರಿಗೆ ಟಿಕೆಟ್, ಆ ದಿನದ ಕೂಲಿಯೂ ಖೋತಾ. ರೈಲಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪೂರ್ತಿ ಮಾಫಿ, ಜೊತೆಗಿರೋರಿಗೆ ಮುಕ್ಕಾಲು ಪಾಲು ರಿಯಾಯಿತಿ ಐತೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇದನ್ನ ಬ್ಯಾನರ್ ಹಿಂದೆ ಬರೆಸಿದ್ರೂ ಪುಣ್ಯ ಬರುತ್ತೆ.

ಜಾಗೃತಿ ಅಂತೀರಲ್ಲ, ಬೆಳಗಿನ ಆರಕ್ಕೆ ಶೂ ಹಾಕ್ಕೊಂಡು ಗಾಜಿನ ಮನೆಗೆ ಬರೋರಿಗೆ ಅದು ಆಗಲೇ ಐತೆ. ನಿಮ್ಮೂರಿನ ಮಂಡಕ್ಕಿ ಭಟ್ಟಿ ಕಡೆ ನಡೀರಿ, ಅಲ್ಲಿ ದುಡಿಯೋ ಹೆಂಗಸರಿಗೆ ಸ್ತನ ತಪಾಸಣೆ ಮಾಡಿಸಿ. ಮುಂಬೈ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರುಮಾಡಿ ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದ್ರು. ಅದರಲ್ಲಿ ಒಂದು ಗುಂಪಿಗೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಇಲ್ಲದೆ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಲ್ಲೇ ಮುಟ್ಟಿ ನೋಡಿದ್ರು. 2021ರಲ್ಲಿ ಫಲಿತಾಂಶ ಬಂತು: 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಶೇ. 30ರಷ್ಟು ಕಡಿಮೆ.

ಎಂಸಿಸಿ_ಬಿ_ಬ್ಲಾಕ್:

ತಂಗೀ, ಸಭೆಯಲ್ಲಿ ನಿಮ್ಮ ಮಾತು ಹಂಗೇ ಓದಿದೆ. ಟೀ ಶರ್ಟ್ ರದ್ದು, ಎಲ್ಲರಿಗೂ ಗುಲಾಬಿ ರಿಬ್ಬನ್ ಅಷ್ಟೆ. ಅಧ್ಯಕ್ಷರು ಮುಖ ಊದಿಸ್ಕೊಂಡಿದ್ದಾರೆ, ಇರಲಿ. ಭಟ್ಟಿ ಕಡೆ ತಪಾಸಣೆಗೆ ಆರೋಗ್ಯ ಕೇಂದ್ರದ ಸಿಸ್ಟರ್ ಬರ್ತೀನಿ ಅಂದಿದ್ದಾರೆ. ಎಷ್ಟು ಹೊತ್ತಿಗೆ ಇಟ್ಕೋಬೇಕು?

ಕೋಟೆ_ಕೆಳಗಿನವಳು:

ಅದನ್ನ ಭಟ್ಟಿ ಹೆಂಗಸರನ್ನೇ ಕೇಳಿ, ಅವರ ಕೆಲಸದ ಹೊತ್ತು ನಮಗೇನು ಗೊತ್ತು? ಪರದೆ ದಪ್ಪನೆಯದು ಕಟ್ಟಿಸಿ. ಫೋಟೋದವರನ್ನ ಆ ಕಡೆ ಬಿಡಬೇಡಿ. ಗಂಟು ಸಿಕ್ಕವರನ್ನ ಮುಂದಿನ ಪರೀಕ್ಷೆಗೆ ಕರ್ಕೊಂಡು ಹೋಗೋರು ಯಾರು ಅಂತ ಇವತ್ತೇ ಹೆಸರು ಬರ್ಕೊಳ್ಳಿ, ಬರೀ ಚೀಟಿ ಕೊಟ್ರೆ ಅವರು ಹೋಗಲ್ಲ.