ಪದಚರ್ಚೆ: ‘ಪಾಲ್ಗೊಳ್ಳು’ವಿನಲ್ಲಿ ಪಾಲು ಇನ್ನೂ ಉಳಿದಿದೆಯಾ?

ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರವನ್ನು ಕನ್ನಡಕ್ಕೆ ತರುವ ಕೆಲಸ ಕೈಯಲ್ಲಿದೆ. ನಾಲ್ಕೇ ಪುಟ. ಆದರೆ ತಲೆಬರಹದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನಿಮ್ಮ ನೆರವು ಬೇಕು.

ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಸಂವಹನವನ್ನು ಓದುವ, ಕಲಿಸುವವರ ನಡುವೆ ಒಂದು ಬಗೆಯ ಸಂಶೋಧನೆ ಇದೆ. ಊರಿನವರ ಬಗ್ಗೆ ಹೊರಗಿನವರು ಮಾಡುವ ಸಂಶೋಧನೆ ಅಲ್ಲ ಅದು. ಏನನ್ನು ಕೇಳಬೇಕು, ಹೇಗೆ ಕೇಳಬೇಕು, ಸಿಕ್ಕಿದ್ದನ್ನು ಯಾರ ಮುಂದೆ ಇಡಬೇಕು ಅಂತ ಊರಿನವರೂ ಜೊತೆಗೆ ಕೂತು ತೀರ್ಮಾನ ಮಾಡುತ್ತಾರೆ. ಮಾಧ್ಯಮ ಮತ್ತು ಸಂವಹನ ಸಂಶೋಧಕರದ್ದೊಂದು ಅಂತರರಾಷ್ಟ್ರೀಯ ಸಂಘವಿದೆ, 1957ರಲ್ಲಿ ಹುಟ್ಟಿದ್ದು. ಅದರಲ್ಲಿ ಈ ಬಗೆಯ ಸಂಶೋಧನೆಗೇ ಒಂದು ವಿಭಾಗವಿದೆ. ನನಗೆ ಪರಿಚಯವಿರುವ ಕೆಲವು ಮೇಷ್ಟ್ರುಗಳು, ವಿದ್ಯಾರ್ಥಿಗಳು ಇದೇ ದಾರಿಯಲ್ಲಿ ಒಂದು ಹಳ್ಳದ ದಂಡೆಯ ಊರಿನಲ್ಲಿ ಕೆಲಸ ಶುರು ಮಾಡಿದ್ದಾರೆ. ಹಳ್ಳದ ನೀರಿನ ಬಣ್ಣ ಬದಲಾಗಿದೆ. ಊರಿನವರಿಗೆ ಹಂಚಲು ಕರಪತ್ರ ಬೇಕು.

ನಾನು ಐದು ನಿಮಿಷದಲ್ಲಿ ತಲೆಬರಹ ಬರೆದುಬಿಟ್ಟೆ: ‘ಪರಿಸರ ನ್ಯಾಯಕ್ಕಾಗಿ ಸಹಭಾಗಿ ಸಂವಹನ ಸಂಶೋಧನೆ’. ಒಂದೊಂದು ಪದವೂ ಪಾರಿಭಾಷಿಕ ಕೋಶದಲ್ಲಿ ಸಿಗುತ್ತದೆ. ತಪ್ಪೇನೂ ಇಲ್ಲ. ಅದನ್ನು ಆ ಊರಿನ ಒಬ್ಬ ಹಿರಿಯ ಹೆಣ್ಣುಮಗಳಿಗೆ ಓದಿ ಹೇಳಿದೆ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ ಕೇಳಿದರು: “ಇದು ಯಾವ ಇಲಾಖೀದ್ರೀ?” ನಾನು ಇಲಾಖೆಯದ್ದಲ್ಲ, ಕಾಲೇಜಿನವರದು ಅಂದೆ. “ಹೋದ ವರ್ಷ ಬಂದವ್ರೂ ಹಿಂಗ ಬರ್ಕೊಂಡು ಹೋದ್ರು” ಅಂದರು. ಅಷ್ಟೇ. ಮತ್ತೆ ಶೇಂಗಾ ಕಡೆ ತಿರುಗಿದರು.

ಆ ‘ಬರ್ಕೊಂಡು ಹೋದ್ರು’ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಈ ಪತ್ರ.

ಮೊದಲು ‘ಸಹಭಾಗಿ’. ಈ ಪದ ಜನರ ಕಿವಿಗೆ ಬಿದ್ದಿರುವುದು ಎಲ್ಲಿ ಅಂತ ನೋಡಿ. ‘ಸಾರ್ವಜನಿಕ-ಖಾಸಗಿ ಸಹಭಾಗಿತ್ವ’ದ ಬೋರ್ಡಿನಲ್ಲಿ. ‘ಸಮುದಾಯ ಸಹಭಾಗಿತ್ವ’ ಎಂಬ ಸುತ್ತೋಲೆಯಲ್ಲಿ. ಹಾಗಾಗಿ ಆ ಅಮ್ಮ ಇಲಾಖೆ ಯಾವುದು ಅಂತ ಕೇಳಿದ್ದು ಸರಿಯಾಗಿಯೇ ಇದೆ. ಪದ ಎಲ್ಲಿಂದ ಬಂದಿದೆ ಅಂತ ಅವರು ಗುರುತು ಹಿಡಿದರು. ‘ಭಾಗವಹಿಸು’ ಬಳಸೋಣ ಅಂದರೆ ಅದು ಈಗ ಹಾಜರಿ ಹಾಕುವುದು ಅಂತಾಗಿದೆ. ಸಭೆಯಲ್ಲಿ ಇನ್ನೂರು ಜನ ಭಾಗವಹಿಸಿದ್ದರು ಅಂದರೆ ಇನ್ನೂರು ಕುರ್ಚಿ ತುಂಬಿತ್ತು ಅಂತಲೇ ಅರ್ಥ.

ಉಳಿದದ್ದು ‘ಪಾಲ್ಗೊಳ್ಳು’. ಇದನ್ನೂ ಪತ್ರಿಕೆಗಳು ಸವೆಸಿವೆ, ನಿಜ. ಆದರೂ ಬಿಡಿಸಿ ನೋಡಿದರೆ ಒಳಗೆ ಹೊಳೆಯುವುದು ಇನ್ನೂ ಇದೆ. ಪಾಲು + ಕೊಳ್ಳು. ‘ಕೈಗೊಳ್ಳು’ವಿನಲ್ಲಿ ಆದಂತೆ ಕಕಾರ ಗಕಾರವಾಗಿದೆ. ನೇರ ಅರ್ಥ, ತನ್ನ ಪಾಲನ್ನು ತೆಗೆದುಕೊ ಅಂತ. ಬರೀ ಬಂದು ಕೂರುವುದಲ್ಲ. ಪಾಲು ಅಂದರೆ ನಮ್ಮ ಜನಕ್ಕೆ ವಿವರಿಸಬೇಕಾದ್ದೇನಿದೆ? ಅಣ್ಣತಮ್ಮಂದಿರ ಪಾಲು, ಕೆರೆ ನೀರಿನ ಪಾಲು, ಹೊಲ ಪಾಲಿಗೆ ಮಾಡುವುದು, ಪಾಲಿಗೆ ಬಂದದ್ದು ಪಂಚಾಮೃತ. ಕಳೆದುಕೊಳ್ಳುವ ಮಾತಿಗೂ ಅದೇ ಪದ: ನೀರುಪಾಲು, ಬೆಂಕಿಪಾಲು, ಕಂಡವರ ಪಾಲು. ಲಾಭ, ನಷ್ಟ ಎರಡನ್ನೂ ತೂಗುವ ಪದ ಇದು.

ಇನ್ನು ಆ ‘ಕೊಳ್ಳು’. ನನಗೆ ಇದು ಪಾಲಿಗಿಂತ ದೊಡ್ಡ ವಿಷಯ ಅನ್ನಿಸುತ್ತಿದೆ. ನಮ್ಮ ನಾಡಿನಲ್ಲಿ ಪರಿಸರಕ್ಕಾಗಿ ನಡೆದ ಚಳವಳಿಗಳಿಗೆ ಜನ ಇಟ್ಟ ಹೆಸರು ಗಮನಿಸಿ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ತಬ್ಬಿ ನಿಂತರು. ಹೆಸರು ‘ಅಪ್ಪಿಕೊ’. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ, ಈಗ ಹಾವೇರಿ ಜಿಲ್ಲೆಗೆ ಸೇರಿದ ಕುಸನೂರಿನಲ್ಲಿ ಇನ್ನೊಂದು ಸತ್ಯಾಗ್ರಹ. ಊರೂರಿನ ಗೋಮಾಳ, ಬೀಳು ಭೂಮಿಯನ್ನು ಕಾರ್ಖಾನೆಗೆ ಬೇಕಾದ ಮರದ ತಿರುಳಿಗಾಗಿ ನೀಲಗಿರಿ ನೆಡಲು ಒಂದು ಜಂಟಿ ಕಂಪನಿಗೆ ಕೊಟ್ಟಿದ್ದರು. ದನ ಮೇಯಿಸುವವರಿಗೆ, ಸೌದೆ ಆರಿಸುವವರಿಗೆ ಜಾಗ ಇಲ್ಲದಂತಾಯಿತು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಹೆಸರು ‘ಕಿತ್ತಿಕೊ-ಹಚ್ಚಿಕೊ’. ಈ ಭೂಮಿಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದವರಲ್ಲಿ ಶಿವರಾಮ ಕಾರಂತರೂ ಇದ್ದರು.

ಮೈಸೂರು ಕಡೆಯವರಿಗೆ ಒಂದು ಮಾತು. ‘ಹಚ್ಚು’ ಅಂದರೆ ನಿಮಗೆ ದೀಪ ಹಚ್ಚುವುದು, ಬಣ್ಣ ಹಚ್ಚುವುದು. ನಮ್ಮ ಕಡೆ ಗಿಡವನ್ನೂ ಹಚ್ಚುತ್ತಾರೆ. ಒಬ್ಬರನ್ನು ತುಂಬಾ ಹಚ್ಚಿಕೊಂಡಿದ್ದಾರೆ ಅಂತಲೂ ಅನ್ನುತ್ತಾರೆ, ಅಲ್ವಾ? ನೆಡುವುದೂ ನಂಟೂ ಒಂದೇ ಪದದಲ್ಲಿ ಕೂತಿವೆ.

ಅಪ್ಪಿಕೊ, ಕಿತ್ತಿಕೊ, ಹಚ್ಚಿಕೊ. ಮೂರೂ ಕ್ರಿಯಾಪದ. ಮೂರರಲ್ಲೂ ‘ಕೊ’ ಇದೆ. ವ್ಯಾಕರಣದಲ್ಲಿ ಇದನ್ನು ತನಗಾಗಿ ಮಾಡುವ ಕೆಲಸ ಅನ್ನುತ್ತಾರೆ. ಅಡುಗೆ ಮಾಡು, ಅಡುಗೆ ಮಾಡಿಕೊ. ವ್ಯತ್ಯಾಸ ಮಗುವಿಗೂ ಗೊತ್ತು. ಆ ಅಮ್ಮ ಹೇಳಿದ ‘ಬರೆದುಕೊಂಡು ಹೋದರು’ ಎಂಬ ಮಾತಿನಲ್ಲೂ ಅದೇ ‘ಕೊ’. ಆದರೆ ಅದು ಬಂದವರ ಕಡೆಗಿದೆ. ಬರೆದವರು ಅವರು, ಕೊಂಡವರೂ ಅವರೇ, ಹೋದವರೂ ಅವರೇ. ಊರಿನ ಕಡೆ ಏನೂ ಉಳಿಯಲಿಲ್ಲ. ಈ ಬಗೆಯ ಸಂಶೋಧನೆ ಬದಲಿಸಲು ಹೊರಟಿರುವುದು ಆ ‘ಕೊ’ ಯಾರದ್ದು ಎಂಬುದನ್ನೇ. ಹಾಗಾದರೆ ಹೆಸರಿನಲ್ಲೂ ಅದು ಇರಬೇಡವೇ? ‘ಸಹಭಾಗಿ’ಯಲ್ಲಿ ಅದು ಇಲ್ಲ. ‘ಪಾಲ್ಗೊಳ್ಳು’ವಿನಲ್ಲಿದೆ.

ಇನ್ನೊಂದು ಪದವೂ ತಲೆಯಲ್ಲಿದೆ: ಮುಯ್ಯಾಳು. ಮಲೆನಾಡಿನಲ್ಲಿ ಮುರಿಯಾಳು. ಇವತ್ತು ನಿಮ್ಮ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀವು. ಕೂಲಿ ಇಲ್ಲ, ಉಪಕಾರವೂ ಅಲ್ಲ, ಲೆಕ್ಕ ಮಾತ್ರ ಇಬ್ಬರಿಗೂ ನೆನಪಿರುತ್ತದೆ. ಕಾಲೇಜಿನವರು ಊರಿನವರ ಒಂದು ದಿನ ತೆಗೆದುಕೊಂಡರೆ ಊರಿನ ಕೆಲಸಕ್ಕೆ ಒಂದು ದಿನ ಕೊಡಬೇಕು. ಅರ್ಜಿ ಬರೆದುಕೊಡುವುದೋ, ನೀರು ಪರೀಕ್ಷೆಗೆ ಕಳಿಸಿ ಅದರ ವರದಿಯನ್ನು ಕನ್ನಡದಲ್ಲಿ ಓದಿ ಹೇಳುವುದೋ. ‘ಮುಯ್ಯಾಳು ಸಂಶೋಧನೆ’ ಅಂದರೆ ವಿದ್ವಾಂಸರು ಒಪ್ಪುತ್ತಾರಾ? ನನಗಂತೂ ಇದು ತುಂಬಾ ಇಷ್ಟವಾಗಿದೆ. ಒಂದೇ ಅಡ್ಡಿ, ಹೊಲಗದ್ದೆ ಇಲ್ಲದವರಿಗೆ ಈ ಪದ ತಮ್ಮದು ಅನ್ನಿಸುತ್ತದೆಯೇ ಅಂತ. ಕೊಡಲು ತೆಗೆದುಕೊಳ್ಳಲು ಹೊಲ ಇದ್ದವರ ನಡುವಿನ ಏರ್ಪಾಡು ಅದು. ಹಳ್ಳದ ನೀರು ಹೆಚ್ಚು ಕಾಡುವುದು ಹೊಲ ಇಲ್ಲದ ಕೇರಿಗಳನ್ನೇ.

‘ಸಂವಹನ’ದ ಬಗ್ಗೆ ಹೆಚ್ಚು ತಕರಾರಿಲ್ಲ. ‘ವಹ್’ ಅಂದರೆ ಹೊರು, ಸಾಗಿಸು. ಹಾಗಾಗಿ ಸುದ್ದಿಯನ್ನು ಇಲ್ಲಿಂದ ಅಲ್ಲಿಗೆ ಹೊತ್ತು ಹಾಕಿದಂತೆ ಕೇಳಿಸುತ್ತದೆ. ಆದರೆ ಹೈಸ್ಕೂಲಿನ ವಿಜ್ಞಾನ ಪಾಠ ನೆನಪಿಸಿಕೊಳ್ಳಿ: ಉಷ್ಣದ ವಹನ, ಸಂವಹನ, ವಿಕಿರಣ. ವಹನದಲ್ಲಿ ಕಬ್ಬಿಣದ ಸರಳು ಇದ್ದಲ್ಲೇ ಇರುತ್ತದೆ, ಬಿಸಿ ಮಾತ್ರ ತುದಿಗೆ ಸಾಗುತ್ತದೆ. ಸಂವಹನದಲ್ಲಿ ಪಾತ್ರೆಯ ನೀರೇ ಮೇಲೇಳುತ್ತದೆ, ತಣ್ಣಗಾಗಿ ಕೆಳಗಿಳಿಯುತ್ತದೆ, ಮತ್ತೆ ಏಳುತ್ತದೆ. ಆ ಅರ್ಥ ಈ ಕೆಲಸಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದರೂ ಕರಪತ್ರದಲ್ಲಿ ನಾನು ‘ಮಾತುಕತೆ’ ಅಂತಲೇ ಬರೆಯುವವನು.

ನಿಜವಾದ ತೊಡಕು ‘ಪರಿಸರ ನ್ಯಾಯ’. ಸಮಾಸ ಮಾಡಿದ ಕೂಡಲೇ ನಡುವಿನ ವಿಭಕ್ತಿ ಕಾಣೆಯಾಗುತ್ತದೆ. ಯಾರಿಗೆ ನ್ಯಾಯ? ‘ಪರಿಸರಕ್ಕೆ ನ್ಯಾಯ’ ಅಂತ ಓದಿದರೆ ಮರ, ನದಿ, ಹುಲಿಗೆ ನ್ಯಾಯ. ನಾನು ಕೇಳಿದ ಐದು ಜನರಲ್ಲಿ ನಾಲ್ವರು ಹೀಗೇ ಓದಿದರು. ‘ಪರಿಸರದ ನ್ಯಾಯ’ ಅಂದರೆ ಪ್ರಕೃತಿಯ ನಿಯಮ. ಮತ್ಸ್ಯನ್ಯಾಯ ಅಂತೀವಲ್ಲ, ದೊಡ್ಡ ಮೀನು ಚಿಕ್ಕದನ್ನು ನುಂಗುವುದು, ಅದೇ ಅಚ್ಚಿನ ಪದವಾಗುತ್ತದೆ. ಆಗ ಅರ್ಥ ಪೂರ್ತಿ ತಿರುಗಾಮುರುಗಾ. ಐದನೆಯವರು ಹಸಿರು ನ್ಯಾಯಮಂಡಳಿ ಅಂದುಕೊಂಡರು. 2010ರ ಕಾಯ್ದೆಯಿಂದ ಬಂದ ಕೋರ್ಟು ಅದು.

ಮೂಲದ ಇಂಗ್ಲಿಷ್ ಪದ ‘ಎನ್ವಿರಾನ್‌ಮೆಂಟಲ್ ಜಸ್ಟಿಸ್’, ಅದರ ಅರ್ಥ ಹುಟ್ಟಿದ್ದು ಬೇರೆ ಕಡೆ. 1982ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಾರನ್ ಕೌಂಟಿಯಲ್ಲಿ ವಿಷದ ರಾಸಾಯನಿಕ ಬೆರೆತ ಮಣ್ಣನ್ನು ತಂದು ಹೂಳಲು ಸರ್ಕಾರ ಜಾಗ ಗೊತ್ತುಮಾಡಿತು. ಅಲ್ಲಿದ್ದವರಲ್ಲಿ ಹೆಚ್ಚಿನವರು ಕಪ್ಪು ಜನ, ಬಡವರು. ಅವರು ಲಾರಿಗಳ ಮುಂದೆ ರಸ್ತೆಯಲ್ಲಿ ಮಲಗಿದರು. ಐನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಮಣ್ಣು ಬಂದು ಬಿತ್ತು. ಆದರೆ ಕಸ ಯಾವಾಗಲೂ ನಮ್ಮ ಓಣಿಗೇ ಯಾಕೆ ಬರುತ್ತದೆ ಎಂಬ ಪ್ರಶ್ನೆ ಉಳಿಯಿತು. 1991ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ ಅಂಥ ಊರುಗಳ ಜನ ಸೇರಿ 17 ತತ್ವಗಳನ್ನು ಬರೆದರು. ಅದರಲ್ಲಿ ಒಂದು, ತೀರ್ಮಾನದ ಪ್ರತಿ ಹಂತದಲ್ಲೂ ನಾವು ಸಮಾನ ಪಾಲುದಾರರಾಗಿ ಇರಬೇಕು ಅಂತ. ಅಂದರೆ ಹೊರೆ ಯಾರ ಪಾಲಿಗೆ, ಮಾತು ಯಾರ ಪಾಲಿಗೆ, ಎರಡೂ. ಇಲ್ಲೂ ಪಾಲು ಬಂತು ನೋಡಿ.

ಹಾಗಾಗಿ ನನ್ನ ಎಣಿಕೆ ಹೀಗಿದೆ. ‘ಸಾಮಾಜಿಕ ನ್ಯಾಯ’ ಎಂಬ ಪದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1975ರಲ್ಲಿ ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂದಾಗಿನಿಂದ ಅದು ಪಾಲಿನ ಪ್ರಶ್ನೆ ಅಂತ ಚಹಾ ಅಂಗಡಿಯಲ್ಲೂ ಗೊತ್ತು. ಅದನ್ನೇ ಹಿಡಿದು ‘ಪರಿಸರದಲ್ಲೂ ಸಾಮಾಜಿಕ ನ್ಯಾಯ’ ಅಂದರೆ? ಉದ್ದವಾಯಿತು, ಒಪ್ಪುತ್ತೇನೆ. ಪಠ್ಯಪುಸ್ತಕಕ್ಕೆ ‘ಪರಿಸರ ನ್ಯಾಯ’ವೇ ಇರಲಿ. ಆದರೆ ಊರಿನ ಮುಂದೆ ಇಡುವಾಗ ವಿಭಕ್ತಿಯನ್ನು ನುಂಗಬಾರದು. ಅದರ ಮೇಲೆ ‘ನ್ಯಾಯ’ಕ್ಕೆ ಹಳ್ಳಿಯಲ್ಲಿ ಜಗಳ, ಪಂಚಾಯ್ತಿ ಅನ್ನುವ ಅರ್ಥವೂ ಇದೆ. ‘ನ್ಯಾಯ ಬಗೆಹರಿಸಿದರು’ ಅಂತಾರಲ್ಲ, ಹಾಗೆ. ಪರಿಸರ ನ್ಯಾಯ ಅಂದರೆ ಹೊಸ ಜಗಳ ತಂದರು ಅಂತ ಆಗಬಾರದು.

ಇದಕ್ಕೇ ಅಂಟಿದ ಇನ್ನೊಂದು ಪದ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಮುಂಚೆ ಊರಿನವರ ಮಾತು ಕೇಳಲು ಸಭೆ ಕರೆಯಬೇಕು. ಯೋಜನಾ ವರದಿಯ ಸಾರಾಂಶ ರಾಜ್ಯದ ಭಾಷೆಯಲ್ಲಿ ಸಿಗಬೇಕು. ಈ ಸಭೆಗೆ ನಮ್ಮಲ್ಲಿ ಎರಡು ಹೆಸರು ಓಡಾಡುತ್ತಿವೆ: ‘ಸಾರ್ವಜನಿಕ ಅಹವಾಲು ಸಭೆ’, ‘ಸಾರ್ವಜನಿಕ ಆಲಿಕೆ’. ‘ಅಹವಾಲು’ ಅರಬ್ಬಿಯ ಹಾಲ್ ಎಂಬುದರ ಬಹುವಚನ, ಸ್ಥಿತಿಗತಿಗಳು ಅಂತ. ನಮ್ಮಲ್ಲಿ ಅದು ದೊರೆಯ ಮುಂದೆ ಮಾಡುವ ಬಿನ್ನಹವಾಗಿದೆ. ಕೈಮುಗಿದು ಹೇಳುವವರು ಜನ. ‘ಆಲಿಕೆ’ಯಲ್ಲಿ ಕೆಲಸ ಇರುವುದು ಕೇಳುವವರಿಗೆ, ಅಂದರೆ ಅಧಿಕಾರಿಗೆ. ಎರಡಕ್ಕೂ ಆಕಾಶ ಭೂಮಿ ವ್ಯತ್ಯಾಸ. ನನ್ನ ಓಟು ಆಲಿಕೆಗೆ. ಆಲಿಸು ಅಂದರೆ ಸುಮ್ನೆ ಕಿವಿಗೆ ಬೀಳುವುದಲ್ಲ, ಮನಸ್ಸಿಟ್ಟು ಕೇಳುವುದು.

ಇದನ್ನೆಲ್ಲ ಬರೀ ಪದದ ಚಪಲಕ್ಕೆ ಹೇಳುತ್ತಿಲ್ಲ. 2020ರಲ್ಲಿ ಈ ಅಧಿಸೂಚನೆಯ ಹೊಸ ಕರಡು ಬಂದಾಗ ಅದು ಇಂಗ್ಲಿಷ್, ಹಿಂದಿ ಬಿಟ್ಟು ಬೇರೆ ಭಾಷೆಗಳಲ್ಲಿ ಇಲ್ಲ ಅಂತ ಕೆಲವರು ಕೋರ್ಟಿಗೆ ಹೋದರು. ಜೂನ್ 30ರಂದು ದೆಹಲಿ ಹೈಕೋರ್ಟ್, ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲೂ ಅದನ್ನು ತರಬೇಕು ಎಂದಿತು. ಕನ್ನಡವೂ ಅದರಲ್ಲಿ ಸೇರಿದೆ. ಯಾವ ಪದ ಆರಿಸುತ್ತೇವೆ ಎನ್ನುವುದರ ಮೇಲೆ ಯಾರು ಮಾತಾಡಬಹುದು ಅನ್ನುವುದೂ ನಿಂತಿದೆ.

ಸದ್ಯಕ್ಕೆ ತಲೆಬರಹವನ್ನು ಹೀಗೆ ಬದಲಿಸಿದ್ದೇನೆ: ‘ನಮ್ಮ ಹಳ್ಳದ ನೀರು: ಕೂಡಿ ಕೇಳೋಣ, ಕೂಡಿ ಬರೆದುಕೊಳ್ಳೋಣ’. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾಲ್ಗೊಂಡು ಮಾಡುವ ಸಂಶೋಧನೆ’. ಮೇಷ್ಟ್ರುಗಳಿಗೆ ಇದು ಶಾಸ್ತ್ರಕ್ಕೆ ಕಡಿಮೆ ಅನ್ನಿಸಿದೆ. ವಿಶ್ವವಿದ್ಯಾಲಯದ ಕಡತದಲ್ಲಿ ಒಂದು ನಾಮಪದ ಬೇಕೇ ಬೇಕಂತೆ. ‘ಪಾಲ್ಗೊಳ್ಳುವಿಕೆ ಸಂಶೋಧನೆ’ ನಾಲಿಗೆಗೆ ತೊಡಕು. ‘ಪಾಲ್ಗೊಳಿಕೆ’ ಅಂದರೆ ನಡೆಯುತ್ತದೆಯೇ? ‘ಪಾಲುಗಾರಿಕೆ’? ಹಳೆಗನ್ನಡ ಬಲ್ಲವರು ಹೇಳಿ.

ಹಾಗೆಯೇ ಮುಯ್ಯಾಳಿಗೆ ಕಲಬುರಗಿ, ರಾಯಚೂರು ಕಡೆ ಏನಂತಾರೆ? ತುಳು, ಕೊಡವ, ಬ್ಯಾರಿ ಮಾತಿನ ಮನೆಗಳಲ್ಲಿ? ಹೊಲ ಇಲ್ಲದವರ ನಡುವೆ ಇಂಥ ಕೊಡುಕೊಳ್ಳುವಿಕೆಗೆ ಪದ ಇದ್ದರೆ ಅದನ್ನು ದಯವಿಟ್ಟು ಮೊದಲು ಬರೆಯಿರಿ. ಕರಪತ್ರ ಅಚ್ಚಿಗೆ ಹೋಗಲು ಇನ್ನು ಹತ್ತು ದಿನ ಇದೆ.