ಬಾಸೆಲ್ ಸಮ್ಮೇಳನದ ಲಿಂಕು, ನಮ್ಮ ಬಳಗದ ಜಗಳ

(ನಮ್ಮ ಮನೆತನದ ಗುಂಪಿನಲ್ಲಿ ಮೊನ್ನೆ ನಡೆದ ಮಾತುಕತೆ. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು, ನನ್ನ ಫೋನಿನಲ್ಲಿ ಇರುವ ಹಾಗೆ ಊರು ಮತ್ತು ಸಂಬಂಧ ಮಾತ್ರ ಉಳಿಸಿದ್ದೇನೆ. ನಡುವಿನ ಶುಭೋದಯದ ಹೂವುಗಳನ್ನೂ ಒಂದು ಲಗ್ನಪತ್ರಿಕೆಯನ್ನೂ ಬಿಟ್ಟಿದ್ದೇನೆ.)

ಬೆಂಗಳೂರು ತಮ್ಮ: ಈ ಲಿಂಕ್ ಎಲ್ಲರೂ ಓದಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಎಬಿಮ್ ಅಂತ ದೊಡ್ಡ ಸಮ್ಮೇಳನ ಆಗುತ್ತೆ. 2006ರಿಂದ ನಡೆಯುತ್ತಿದೆ, ಮೊದಲ ಕೆಲವು ವರ್ಷ ಲುಸರ್ನ್ ಊರಲ್ಲಿ ಆಗುತ್ತಿತ್ತು. ರಾಸಾಯನಿಕದ ಬದಲು ಜೀವಾಣು, ಶಿಲೀಂಧ್ರ, ಮಿತ್ರಕೀಟ, ವಾಸನೆಯಿಂದ ಹುಳ ಸೆಳೆಯುವ ಮೋಹಕ ಬಲೆ, ಬೇವಿನಂಥ ಸಸ್ಯದ ಸಾರ ಇವನ್ನೆಲ್ಲ ಮಾಡುವ ಕಂಪನಿಗಳು ಒಂದೇ ಕಡೆ ಸೇರುತ್ತವೆ. ತಯಾರಕರ ಸಂಘ ಐಬಿಎಂಎ ಮತ್ತು ಅಲ್ಲಿನ ಸಾವಯವ ಕೃಷಿ ಸಂಶೋಧನಾ ಸಂಸ್ಥೆ ಕೂಡಿ ನಡೆಸುತ್ತವೆ. ಈ ಸಲ ಇಂಥದ್ದನ್ನೇ ಮಾಡುವ ನಮ್ಮ ಕಂಪನಿಯವರೂ ಹೋಗುತ್ತಾರೆ. ಇನ್ನು ಮುಂದೆ ಇದೇ ದಾರಿ. ನೀವು ಊರಲ್ಲಿ ಬೆಳೆಗೆ ಇನ್ನೂ ಅದೇ ರಾಸಾಯನಿಕ ಎಣ್ಣೆ ಹೊಡೆಯುತ್ತಾ ಕೂತಿದ್ದೀರಲ್ಲ!

ತಿಕೋಟಾ ಕಾಕಾ: ಅಕ್ಟೋಬರ್ ಅಂದರೆ ನಮಗೆ ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಕಾಲ ತಮ್ಮಾ. ಆಗ ಬಾಸೆಲ್ ಬಿಡು, ವಿಜಯಪುರಕ್ಕೆ ಹೋಗಲಿಕ್ಕೂ ಪುರುಸೊತ್ತು ಇರಲ್ಲ. ಎಣ್ಣೆ ಹೊಡೆಯದೆ ದ್ರಾಕ್ಷಿ ಬೆಳೆಯುವವನನ್ನು ತೋರಿಸು, ಅವನ ಕಾಲಿಗೆ ಬೀಳುತ್ತೇನೆ.

ಜಮಖಂಡಿ ಅಣ್ಣ: ಲಿಂಕ್ ಚೆನ್ನಾಗಿದೆ. ಅಂಗಡಿ ಕಡೆಯ ಮಾತು ನಾನು ಹೇಳಲಾ? ರೋಗಕ್ಕೆ ಟ್ರೈಕೋಡರ್ಮಾ, ಹುಳಕ್ಕೆ ಬ್ಯೂವೇರಿಯಾ, ಈ ಶಿಲೀಂಧ್ರದ ಪುಡಿ ಎರಡೂ ತರಿಸಿ ನೋಡಿದ್ದೇನೆ. ನನ್ನದು ಪತ್ರಾಸಿನ ಗೋದಾಮು, ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಅರ್ಧ ಮಾಲು ಅವಧಿ ಮುಗಿದು ಕೂತಿತು, ಕಂಪನಿ ವಾಪಸ್ ತಗೊಳ್ಳಲಿಲ್ಲ. ಕೊಂಡು ಹೋದವರು ಮಾರನೇ ದಿನವೇ ಬಂದು "ಹುಳ ಇನ್ನೂ ಓಡಾಡುತ್ತಿದೆ, ಏನು ಕೊಟ್ಟಿ ನೀನು?" ಅಂತ ಕೇಳಿದರು. ಕೊನೆಗೆ ಮಾಮೂಲಿ ಡಬ್ಬವನ್ನೇ ಕೊಟ್ಟು ಕಳಿಸಿದೆ.

ನಾನು: ಅಣ್ಣಾ, ಬ್ಯೂವೇರಿಯಾ ಜೀವ ಇರುವ ಶಿಲೀಂಧ್ರ. ಅದರ ಬೀಜಕಣ ಹುಳದ ಮೈಗೆ ಅಂಟಬೇಕು, ಅಲ್ಲೇ ಮೊಳೆತು ಚರ್ಮ ಕೊರೆದು ಒಳಗೆ ಇಳಿಯಬೇಕು, ಒಳಗೆ ಬೆಳೆದು ಆಮೇಲೆ ಕೊಲ್ಲಬೇಕು, ಇಷ್ಟಕ್ಕೆ ಕೆಲವು ದಿನ ಬೇಕೇ ಬೇಕು. ಗಾಳಿಯಲ್ಲಿ ತೇವ ಬೇಕು. ಮಧ್ಯಾಹ್ನ ಹೊಡೆದರೆ ಬಿಸಿಲಿಗೇ ಸಾಯುತ್ತೆ. ನಿನ್ನ ಗೋದಾಮಿನಲ್ಲೇ ಬೆಂದು ಹೋಗಿದ್ದರೆ ನೀನು ಮಾರಿದ್ದು ಬರೀ ಟಾಲ್ಕ್ ಪುಡಿ. ಹಾಲು ಮಾರುವವನಿಗೆ ಇರುವಷ್ಟು ಕಾಳಜಿ ಈ ಮಾಲಿಗೂ ಬೇಕು.

ಜಮಖಂಡಿ ಅಣ್ಣ: ಹಾಲು ಮಾರುವವನದು ಅದೇ ದಿನ ಖಾಲಿ ಆಗುತ್ತೆ ತಂಗಿ. ನನ್ನ ಅಂಗಡಿಯಲ್ಲಿ ಬೆಳೆಯೋದು ಉದ್ರಿ ಪುಸ್ತಕ ಒಂದೇ.

ಮುಧೋಳ ವೈನಿ: ನನ್ನ ಸಿಟ್ಟು ಬೇರೆ. ದಾಳಿಂಬೆಗೆ ರಸ ಹೀರುವ ಥ್ರಿಪ್ಸ್ ಹುಳ ಬಂದಾಗ ಒಬ್ಬ ಏಜೆಂಟ್ "100% ಸಾವಯವ" ಅಂತ ಬರೆದ ಬಾಟಲಿ ಕೊಟ್ಟು ಹೋದ. ಹೊಡೆದ ಎರಡು ತಾಸಿಗೆ ಎಲ್ಲ ಸತ್ತು ಬಿದ್ದವು. ಮನೆಯವರಿಗೆ ಖುಷಿಯೋ ಖುಷಿ. ನನಗೆ ಆಗಲೇ ಸಂಶಯ ಬಂತು. ಬಾಟಲಿ ತಿರುಗಿಸಿ ನೋಡಿದರೆ ನೋಂದಣಿ ನಂಬರ್ ಇಲ್ಲ, ಒಳಗೆ ಯಾವ ಜೀವಾಣು ಇದೆ ಅಂತ ಇಲ್ಲ, ಎಷ್ಟಿದೆ ಅಂತಲೂ ಇಲ್ಲ. ಜೀವಾಣು ಎರಡು ತಾಸಿನಲ್ಲಿ ಕೊಲ್ಲುತ್ತಾ? ಒಳಗೆ ಯಾವುದೋ ರಾಸಾಯನಿಕವೇ ಇರಬೇಕು. ಇದಕ್ಕಿಂತ ಗೊತ್ತಿರುವ ವಿಷವೇ ವಾಸಿ ಅಲ್ವಾ, ಎಷ್ಟು ದಿನ ಬಿಟ್ಟು ಹಣ್ಣು ಕೊಯ್ಯಬೇಕು ಅಂತ ಡಬ್ಬದ ಮೇಲಾದರೂ ಬರೆದಿರುತ್ತಾರೆ. ಇದರಲ್ಲಿ ಅದೂ ಇಲ್ಲ. ಮಕ್ಕಳು ತಿನ್ನುವ ಹಣ್ಣು.

ಬೆಂಗಳೂರು ತಮ್ಮ: ವೈನಿ, ಅಂಥವರಿಂದಲೇ ನಮ್ಮ ಹೆಸರು ಕೆಡೋದು. ಟ್ರೈಕೋಡರ್ಮಾ, ಬ್ಯೂವೇರಿಯಾ, ಹುಳ ಕೊಲ್ಲುವ ಎನ್‌ಪಿವಿ ವೈರಸ್ ಎಲ್ಲವೂ 1968ರ ಕೀಟನಾಶಕ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು. ಟ್ರೈಕೋಡರ್ಮಾ ಪುಡಿಯಲ್ಲಿ ಗ್ರಾಂಗೆ ಕನಿಷ್ಠ 20 ಲಕ್ಷ ಜೀವಂತ ಕಣ ಇರಬೇಕು ಅಂತ ನಿಯಮವೇ ಇದೆ. ತಪ್ಪಿಸಿಕೊಳ್ಳುತ್ತಿದ್ದವರು ಟಾನಿಕ್, ಬೆಳವಣಿಗೆ ಪ್ರಚೋದಕ ಅಂತ ಬರೆದುಕೊಳ್ಳುತ್ತಿದ್ದರು. 2021ರಲ್ಲಿ ಅವನ್ನೂ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದರು.

ಮುಧೋಳ ವೈನಿ: ಆದೇಶ ದೆಹಲಿಯಲ್ಲಿ, ಏಜೆಂಟ್ ನಮ್ಮ ತೋಟದಲ್ಲಿ. ಇನ್ನೊಂದು ಮಾತು. ನಮ್ಮ ಭಾಗದಲ್ಲಿ ಬ್ಲೈಟ್ ರೋಗ ಬಂದು ಎಷ್ಟು ಜನ ದಾಳಿಂಬೆ ಕಿತ್ತು ಹಾಕಿದರು ಎಲ್ಲರಿಗೂ ಗೊತ್ತು. ನಾವು ಉಳಿದದ್ದು ಬಾಟಲಿಯಿಂದ ಅಲ್ಲ. ರೋಗದ ಟೊಂಗೆ ಕತ್ತರಿಸಿ ಸುಟ್ಟೆವು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಔಷಧದ ನೀರಿನಲ್ಲಿ ಅದ್ದಿ ಒಯ್ದೆವು, ಬಿದ್ದ ಎಲೆ ಆರಿಸಿದೆವು, ಮಳೆಗಾಲದ ಬಹಾರ್, ಅಂದರೆ ಆಗ ಹೂ ಬಿಡಿಸಿ ತೆಗೆಯುವ ಬೆಳೆ, ಕೈಬಿಟ್ಟೆವು. ಆಳಿನ ಖರ್ಚು ಜಾಸ್ತಿ ಆಯಿತು ನಿಜ.

(ಇಲ್ಲಿ ಕಾಕು ತಾವು ಒಣಗಲಿಕ್ಕೆ ಹಾಕಿದ ಹಪ್ಪಳದ ಫೋಟೋ ಹಾಕಿದರು. ಪಾಪ, ಯಾರೂ ನೋಡಲಿಲ್ಲ.)

ಅಥಣಿ ಮಾಮಾ: ಬಾಸೆಲ್ ಅಂತ ಓದಿ ನಗು ಬಂತು. ಡಿಡಿಟಿ ಹುಳ ಕೊಲ್ಲುತ್ತೆ ಅಂತ 1939ರಲ್ಲಿ ಕಂಡುಹಿಡಿದ ಪಾಲ್ ಮುಲ್ಲರ್ ಇದ್ದದ್ದು ಅದೇ ಊರಿನ ಗಾಯ್ಗಿ ಕಂಪನಿಯಲ್ಲಿ. 1948ರಲ್ಲಿ ಅದಕ್ಕೆ ನೊಬೆಲ್ ಕೊಟ್ಟರು. 1986ರ ನವೆಂಬರ್ 1ರಂದು ಅದೇ ಊರಿನ ಮಗ್ಗುಲಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಬೆಂಕಿ ಆರಿಸಿದ ನೀರಿನ ಜೊತೆ ಕೀಟನಾಶಕವೂ ರೈನ್ ನದಿಗೆ ಹರಿದು, ನದಿ ಕೆಂಪಾಗಿ, ಹಾವುಮೀನುಗಳು ರಾಶಿ ರಾಶಿ ಸತ್ತವು. ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದೆ ಇದನ್ನ. ಈಗ ಅದೇ ಊರಲ್ಲಿ ಮಿತ್ರಕೀಟದ ಮೇಳ.

ಬೆಂಗಳೂರು ತಮ್ಮ: ಅದಕ್ಕೇ ಹೇಳಿದ್ದು ಮಾಮಾ, ಗಾಳಿ ಈ ಕಡೆ ತಿರುಗಿದೆ. ರಾಸಾಯನಿಕ ಮಾಡುವ ದೊಡ್ಡ ಕಂಪನಿಗಳೇ ಜೈವಿಕ ಕಂಪನಿಗಳನ್ನು ಕೊಂಡವು. ಬಾಯರ್ 2012ರಲ್ಲಿ ಅಗ್ರಾಕ್ವೆಸ್ಟ್ ಕೊಂಡಿತು. ಬಿಎಎಸ್‌ಎಫ್ ಅದೇ ವರ್ಷ ಬೆಕರ್ ಅಂಡರ್‌ವುಡ್ ಕೊಂಡಿತು. ಸಿಂಜೆಂಟಾ 2020ರಲ್ಲಿ ಇಟಲಿಯ ವಾಲಾಗ್ರೊ ಕೊಂಡಿತು. ಇಷ್ಟು ದುಡ್ಡು ಸುಮ್ನೆ ಹಾಕುತ್ತಾರಾ?

ಜಮಖಂಡಿ ಅಣ್ಣ: ಅಂದರೆ ಒಂದೇ ಅಂಗಡಿ, ಎಡಗಡೆ ಕಪಾಟಿನಲ್ಲಿ ಅದು, ಬಲಗಡೆ ಕಪಾಟಿನಲ್ಲಿ ಇದು. ನಂದೂ ಹಾಗೇ ಬಿಡಪ್ಪಾ, ನಾನು ಯಾರಿಗೂ ಬಯ್ಯಲ್ಲ.

ಅಥಣಿ ಮಾಮಾ: ದೊಡ್ಡ ಮೆಸೇಜ್ ಹಾಕುತ್ತಿದ್ದೇನೆ, ಬೇಜಾರಾಗಬೇಡಿ. 2002 ನಿಮ್ಮಲ್ಲಿ ಅರ್ಧ ಜನಕ್ಕೆ ನೆನಪಿರಲಿಕ್ಕಿಲ್ಲ. ಸಾಂಗ್ಲಿ ಕಡೆಯಿಂದ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಂತು. ಎಲೆಯ ಅಡಿಯೆಲ್ಲ ಬೆಳ್ಳಗೆ, ಕೆಳಗಿನ ಎಲೆಗಳ ಮೇಲೆ ಅಂಟು ಜಿನುಗು, ಆ ಜಿನುಗಿನ ಮೇಲೆ ಕಪ್ಪು ಬೂಷ್ಟು. ಹೊಲದ ಒಳಗೆ ಹೋಗಿ ಬಂದರೆ ಅಂಗಿ ಅಂಟಂಟು. ಆಳೆತ್ತರ ಮೀರಿದ ಕಬ್ಬಿನಲ್ಲಿ ಪಂಪು ಹೊತ್ತು ಹೇಗೆ ಹೊಡೆಯುತ್ತೀರಿ? ಆದರೂ ಹೊಡೆದೆವು, ಅವರವರಿಗೆ ಸಿಕ್ಕಿದ್ದನ್ನ. ಹೊಡೆದಷ್ಟು ಸಲವೂ ಹೇನು ತಿರುಗಿ ಬಂತು, ಯಾಕೆಂದರೆ ಅದನ್ನು ತಿನ್ನುವ ಹುಳಗಳನ್ನೂ ನಾವೇ ಕೊಂದಿದ್ದೆವು. ಆಮೇಲೆ ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಹೊಡೆಯುವುದು ನಿಲ್ಲಿಸಿ, ಎಲೆ ತಿರುಗಿಸಿ ನೋಡಿ ಅಂದರು. ನೋಡಿದರೆ ಡೈಫಾ ಅನ್ನುವ ಪತಂಗದ ಮರಿಹುಳ ಹೇನಿನ ಗುಂಪಿನ ನಡುವೆಯೇ ಬಲೆ ಕಟ್ಟಿಕೊಂಡು ತಿನ್ನುತ್ತಾ ಕೂತಿತ್ತು. ಜೊತೆಗೆ ಮೈಕ್ರೋಮಸ್ ಅನ್ನುವ ಕಂದು ಬಣ್ಣದ ಸಣ್ಣ ಕೀಟ. ಆ ಮರಿಗಳಿದ್ದ ಎಲೆ ಕೊಯ್ದು, ಅವು ಇಲ್ಲದ ಹೊಲಕ್ಕೆ ಒಯ್ದು ಕಬ್ಬಿಗೆ ಕಟ್ಟಿದೆವು. ಬಾಜು ಹೊಲದವನ ಜೊತೆ ಬದುವಿನ ಜಗಳ ಇದ್ದವರೂ ಎಲೆ ಮಾತ್ರ ಕೊಟ್ಟು ತಗೊಂಡರು, ನಾನು ಕಣ್ಣಾರೆ ನೋಡಿದ್ದೇನೆ. ಹೇನು ಈಗಲೂ ಅಲ್ಲಲ್ಲಿ ಕಾಣುತ್ತೆ, ಯಾರೂ ಅಂಜಲ್ಲ. ಈಗ ಹೇಳು ತಮ್ಮಾ, ಅಷ್ಟು ದೊಡ್ಡ ಕೆಲಸದಲ್ಲಿ ಒಂದಾದರೂ ಬಾಟಲಿ ಮಾರಾಟ ಆಯಿತಾ? ಬಾಸೆಲ್‌ನಲ್ಲಿ ಡೈಫಾಗೆ ಮಳಿಗೆ ಹಾಕುವವರು ಯಾರು?

ನಾನು: ಮಾಮಾ ಹೇಳಿದ್ದೇ ನನ್ನ ಮಾತೂ. ಪಪ್ಪಾಯಿಯ ಹಿಟ್ಟುತಿಗಣೆಯದೂ ಇದೇ ಕಥೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿತು, ಆಮೇಲೆ ಹಿಪ್ಪುನೇರಳೆಗೂ ಹತ್ತಿತು. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಕೇಂದ್ರದವರು, ಈಗ ಅದನ್ನು ಎನ್‌ಬಿಎಐಆರ್ ಅನ್ನುತ್ತಾರೆ, ಪೋರ್ಟೊರಿಕೊದಿಂದ ಆ ಹುಳ ಕೊಲ್ಲುವ ಪುಟ್ಟ ಕಣಜಗಳನ್ನು ತರಿಸಿ ಬೆಳೆಸಿ ಬಿಟ್ಟರು. ಹುಳ ಹತೋಟಿಗೆ ಬಂತು. ಒಂದು ಸಲ ಬಿಟ್ಟರೆ ತಾನೇ ಸಂಸಾರ ಮಾಡಿಕೊಂಡು ಇರುವ ಕೀಟ ವ್ಯಾಪಾರಕ್ಕೆ ಆಗಿಬರಲ್ಲ, ಪ್ರತಿ ವರ್ಷ ಕೊಳ್ಳಬೇಕಾದದ್ದು ಮಾತ್ರ ಆಗಿಬರುತ್ತೆ. ಹಾಗಾಗಿ ಕಂಪನಿಗಳ ಸಮ್ಮೇಳನ ನೋಡಿ ಇದೇ ಇಡೀ ಜೈವಿಕ ನಿಯಂತ್ರಣ ಅಂತ ತಿಳಿದರೆ ಅದರ ಗಟ್ಟಿ ಭಾಗವೇ ಬಿಟ್ಟುಹೋಗುತ್ತೆ. ಸಮ್ಮೇಳನ ಬೇಡ ಅಂತಲ್ಲ. ಅದು ಮಾರುವವರ ಸಭೆ, ಅಷ್ಟೇ.

ಬೆಂಗಳೂರು ತಮ್ಮ: ಅಕ್ಕಾ, ಇದು ನ್ಯಾಯ ಅಲ್ಲ. ಪ್ರತಿ ರೋಗಕ್ಕೂ ಒಂದು ಡೈಫಾ ತಾನೇ ಹುಟ್ಟಿ ಬರುತ್ತಾ? ನಿನ್ನ ತೊಗರಿಗೆ ನೆಟೆ ರೋಗ ಬರದ ಹಾಗೆ ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಹಚ್ಚುತ್ತೀಯಲ್ಲ, ಅದನ್ನು ಯಾರೋ ಬೆಳೆಸಬೇಕು, ಪರೀಕ್ಷೆ ಮಾಡಬೇಕು, ಪ್ಯಾಕ್ ಮಾಡಿ ಕಳಿಸಬೇಕು. ಕಣಜ ತಂದದ್ದು ಸರ್ಕಾರದ ದುಡ್ಡಿನಲ್ಲಿ. ಸರ್ಕಾರ ಪ್ರತಿ ತಾಲೂಕಿಗೂ ಪ್ರಯೋಗಾಲಯ ಕಟ್ಟುವ ತನಕ ರೈತ ಕಾಯಬೇಕಾ? ನಮ್ಮ ಪ್ರಯೋಗಾಲಯದಲ್ಲಿ ಒಂದು ಬ್ಯಾಚಿಗೆ ಬೇರೆ ಸೂಕ್ಷ್ಮಾಣು ಬೆರೆತರೆ ಇಡೀ ಬ್ಯಾಚ್ ಚೆಲ್ಲುತ್ತೇವೆ. ಆ ನಷ್ಟ ಯಾರು ಕೊಡುತ್ತಾರೆ?

(ಇದಕ್ಕೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡಲಿಲ್ಲ. ಅವನ ಮಾತಿನಲ್ಲೂ ಹುರುಳಿದೆ ಅಂತ ನನಗೆ ಈಗಲೂ ಅನಿಸುತ್ತೆ.)

ತಿಕೋಟಾ ಕಾಕಾ: ಪ್ರಯೋಗಾಲಯದ ಮಾತು ಸರಿ. ನನಗೆ ಸಿಟ್ಟು ಬರೋದು ಯುರೋಪಿನವರ ಉಪದೇಶಕ್ಕೆ. 2030ರೊಳಗೆ ಕೀಟನಾಶಕ ಅರ್ಧಕ್ಕೆ ಇಳಿಸುತ್ತೇವೆ ಅಂತ 2020ರಲ್ಲಿ ಹೇಳಿದರು. ಅವರ ರೈತರು ಟ್ರ್ಯಾಕ್ಟರ್ ತಂದು ರಸ್ತೆಗೆ ನಿಲ್ಲಿಸಿದ ಮೇಲೆ 2024ರ ಫೆಬ್ರವರಿಯಲ್ಲಿ ಕಾನೂನಿನ ಕರಡು ವಾಪಸ್. 2010ರಲ್ಲಿ ಸಿಸಿಸಿ ಅನ್ನುವ ಬೆಳವಣಿಗೆ ತಡೆಯುವ ರಾಸಾಯನಿಕದ ಅಂಶ ಸಿಕ್ಕಿತು ಅಂತ ನಮ್ಮ ದೇಶದ ದ್ರಾಕ್ಷಿ ಕಂಟೇನರ್‌ಗಳನ್ನು ತಡೆದರಲ್ಲ, ಆಗ ನಮ್ಮವರ ಟ್ರ್ಯಾಕ್ಟರ್ ಯಾರು ನೋಡಿದರು?

ಬೆಂಗಳೂರು ತಮ್ಮ: ಕರಡು ವಾಪಸ್ ಹೋದರೂ ಹಣ್ಣಿನಲ್ಲಿ ಕೀಟನಾಶಕದ ಉಳಿಕೆಯ ಮಿತಿ ಹಾಗೇ ಇದೆ ಕಾಕಾ. ಗೊನೆ ಹಣ್ಣಾಗುವ ಹೊತ್ತಿಗೆ ಬೂದಿ ರೋಗ ಬಂದರೆ ರಾಸಾಯನಿಕ ಹೊಡೆಯೋ ಹಾಗಿಲ್ಲ. ಆಗ ನೀವೇನು ಹೊಡೆಯುತ್ತೀರಿ? ನಿಜ ಹೇಳಿ.

ತಿಕೋಟಾ ಕಾಕಾ: ಬ್ಯಾಸಿಲಸ್ ಜೀವಾಣು.

ಬೆಂಗಳೂರು ತಮ್ಮ: 😂😂

ತಿಕೋಟಾ ಕಾಕಾ: ನಗಬೇಡ. ಅದು ನಡೆಯೋದು ಚಳಿಗಾಲದಲ್ಲಿ, ರೋಗ ಇನ್ನೂ ಶುರು ಇರುವಾಗ. ರೋಗ ಏರಿದ ಮೇಲೆ ಹೊಡೆದರೆ ನೀರು ಹೊಡೆದ ಲೆಕ್ಕ. ಇದನ್ನು ನಿಮ್ಮ ಕಂಪನಿಯ ಹುಡುಗ ಬಂದು ಹೇಳಲ್ಲ, ಎಲ್ಲದಕ್ಕೂ ಆಗುತ್ತೆ ಅಂತಾನೆ. ಹಿಂದಿನ ದಿನ ಜೀವಾಣು ಕೊಲ್ಲುವ ತಾಮ್ರದ ಔಷಧ ಹೊಡೆದ ಪಂಪು ತೊಳೆಯದೆ ಅದರಲ್ಲೇ ಇದನ್ನು ಹಾಕುವವರಿದ್ದಾರೆ. ಆ ಹುಡುಗ ಅವರಿಗೆ ಬೇಡ ಅನ್ನೋದೂ ಇಲ್ಲ.

ನಾನು: ಹೌದು ಕಾಕಾ. ತೊಗರಿಯ ಕಾಯಿಕೊರಕಕ್ಕೂ ಅಷ್ಟೇ. ಎನ್‌ಪಿವಿ ವೈರಸ್ ಚೆನ್ನಾಗಿ ಕೆಲಸ ಮಾಡುತ್ತೆ, ಸತ್ತ ಹುಳ ತಲೆಕೆಳಗಾಗಿ ಟೊಂಗೆಗೆ ಜೋತು ಬಿದ್ದಿರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ. ಆದರೆ ಹುಳ ಸಣ್ಣದಿರುವಾಗ, ಸಂಜೆ ಹೊತ್ತು, ಸ್ವಲ್ಪ ಬೆಲ್ಲ ಬೆರೆಸಿ ಹೊಡೆಯಬೇಕು. ಹುಳ ದೊಡ್ಡದಾದ ಮೇಲೆ ನಮ್ಮ ಬಸವನ ಬಾಗೇವಾಡಿ ಹೊಲದಲ್ಲಿ ಈಗಲೂ ಗಿಡ ಅಲುಗಾಡಿಸಿ ತಾಡಪತ್ರಿಯ ಮೇಲೆ ಬೀಳಿಸೋದೇ. ಅದಕ್ಕೂ ಬಾಟಲಿ ಇಲ್ಲ.

ಮುಧೋಳ ವೈನಿ: ಮಾತು ಸಾಕು. ಅಂಗಡಿಯವರು ಒಂದು ಫ್ರಿಜ್ ಇಡುತ್ತಾರೋ ಇಲ್ಲವೋ ಅಷ್ಟು ಹೇಳಲಿ.

ಜಮಖಂಡಿ ಅಣ್ಣ: ಫ್ರಿಜ್ ಇಟ್ಟು ಕರೆಂಟ್ ಹೋದರೆ? ಬೇರೆ ದಾರಿ ಹೇಳುತ್ತೇನೆ. ಮಾಲು ಇಟ್ಟುಕೊಳ್ಳೋದೇ ಇಲ್ಲ. ಮೊದಲೇ ಹೆಸರು ಬರೆಸಿ, ಮಳೆ ಶುರುವಾಗುವ ವಾರ ನೇರವಾಗಿ ತರಿಸಿ ಅದೇ ದಿನ ಹಂಚುತ್ತೇನೆ. ನೋಂದಣಿ ನಂಬರ್, ತಯಾರಿಸಿದ ದಿನಾಂಕ ಇಲ್ಲದ್ದು ತರಿಸಲ್ಲ, ವೈನಿ ಬಂದು ನೋಡಲಿ. ತಮ್ಮನ ಕಂಪನಿಯದೇ ಆಗಬೇಕು ಅಂತೇನಿಲ್ಲ.

ಬೆಂಗಳೂರು ತಮ್ಮ: 😐

ಅಥಣಿ ಮಾಮಾ: ಕಬ್ಬಿನ ಗೊಣ್ಣೆ ಹುಳಕ್ಕೆ ಮೆಟಾರೈಜಿಯಂ ಶಿಲೀಂಧ್ರ ನನಗೆ ಬರೆ. ಸಗಣಿ ಗೊಬ್ಬರದಲ್ಲಿ ಬೆರೆಸಿ ಮಳೆ ಬಿದ್ದ ಮೇಲೆ ಬೇರಿಗೆ ಹಾಕುತ್ತೇನೆ. ನಾಲ್ಕು ಎಕರೆಗೆ.

ಮುಧೋಳ ವೈನಿ: ನನಗೆ ಟ್ರೈಕೋಡರ್ಮಾ. ಎಷ್ಟು ಅಂತ ರಾತ್ರಿ ಲೆಕ್ಕ ಹಾಕಿ ಹೇಳುತ್ತೇನೆ.

ತಿಕೋಟಾ ಕಾಕಾ: ನನಗೆ ಈಗ ಬೇಡ. ಡಿಸೆಂಬರ್‌ನಲ್ಲಿ ಕೇಳು.

ಜಮಖಂಡಿ ಅಣ್ಣ: ಆಯ್ತು. ದುಡ್ಡು ಮೊದಲು, ಉದ್ರಿ ಇಲ್ಲ.

ಅಥಣಿ ಮಾಮಾ: ಮಾಮಾನಿಗೂ ಇಲ್ವಾ?

ಜಮಖಂಡಿ ಅಣ್ಣ: ಮಾಮಾ, ಹೋದ ಹಂಗಾಮಿನ ಯೂರಿಯಾದ್ದೇ ಇನ್ನೂ ಪುಸ್ತಕದಲ್ಲಿದೆ.