ನಾಲ್ಕು ಚಾನೆಲ್ ಆಕ್ಟಿವ್ ಆಂಪ್ ಕಟ್ಟೀನಿ, ಟ್ವೀಟರ್‌ನಾಗ ಸಣ್ಣಗ ಸೀಟಿ ಬರಾಕತ್ತೈತಿ

ಹುಬ್ಳಿ_ವೂಫರ್:
ಎಲ್ಲಾರಿಗೂ ನಮಸ್ಕಾರ್ರೀ. ಮೂರು ತಿಂಗಳಿಂದ ಕುಂತು ಒಂದು ಜೋಡಿ ಆಕ್ಟಿವ್ ಸ್ಪೀಕರ್ ಮಾಡೀನಿ, ದಪ್ಪ ದನಿಗೆ ಆರೂವರೆ ಇಂಚಿನ ವೂಫರ್, ಸಣ್ಣ ದನಿಗೆ ಒಂದಿಂಚಿನ ಸಿಲ್ಕ್ ಡೋಮ್ ಟ್ವೀಟರ್, ಎರಡೂ 8 ಓಮ್. ಪೆಟ್ಟಿಗಿ ಒಳಗ ಕಾಯಿಲ್ ಕೆಪಾಸಿಟರ್ ಏನೂ ಇಲ್ಲ, ಎಡಿಎಯು 1701 ಡಿಎಸ್‌ಪಿ (ದನಿಯ ಸಿಗ್ನಲ್ ಡಿಜಿಟಲ್ ಆಗಿ ತಿದ್ದೂ ಚಿಪ್) ಬೋರ್ಡಿನ್ಯಾಗ 2.5 ಕಿಲೋಹರ್ಟ್ಸ್‌ಗೆ ಸಿಗ್ನಲ್ ಒಡದು ನಾಲ್ಕು ಔಟ್‌ಪುಟ್ ತಗದು, ಎರಡು ಟಿಪಿಎ 3116 ಆಂಪ್ ಬೋರ್ಡಿಗೆ ಕೊಟ್ಟೀನಿ. ಒಂದು ಬೋರ್ಡ್ ಎರಡೂ ವೂಫರ್‌ಗೆ, ಇನ್ನೊಂದು ಎರಡೂ ಟ್ವೀಟರ್‌ಗೆ. 24 ವೋಲ್ಟಿನ ಒಂದ ಎಸ್‌ಎಂಪಿಎಸ್ ಪವರ್ ಸಪ್ಲೈ. ಟ್ವೀಟರ್ ಭಾಳ ಜೋರ್ ಇತ್ತಂತ ಸಿಗ್ಮಾ ಸ್ಟುಡಿಯೋ ಅನ್ನೂ ಡಿಎಸ್‌ಪಿ ಸಾಫ್ಟ್‌ವೇರಿನ್ಯಾಗ 6 ಡಿಬಿ ಇಳಿಸೀನಿ.

ದನಿ ಛಲೋ ಐತ್ರಿ, ಅದರಾಗ ಮಾತಿಲ್ಲ. ಆದ್ರ ಟ್ವೀಟರ್‌ನಾಗ ಕುಂಯ್ ಅಂತ ಸಣ್ಣ ಸೀಟಿ ಬರ್ತೈತಿ, ಅದೂ ಒಂದ ಕಡೆ ನಿಲ್ಲೂದಿಲ್ಲ, ಹಚ್ಚಿದ ಕೂಡ್ಲೆ ಮ್ಯಾಲಿರ್ತೈತಿ, ಹತ್ತು ನಿಮಿಷಕ್ಕ ನಿಧಾನ ಕೆಳಗ ಜಾರ್ತೈತಿ. ರಾತ್ರಿ ಗಂಗೂಬಾಯಿ ಹಾನಗಲ್ ಅವರ ಹಳೇ ರೆಕಾರ್ಡಿಂಗ್ ಹಾಕಿದ್ರ ಆಲಾಪದ ನಡುವ ಬರೀ ತಂಬೂರಿ ಇರ್ತೈತಲ್ರೀ, ಆವಾಗ ಈ ಸೀಟಿ ಕಿವಿಗೆ ಮುಳ್ಳು ಚುಚ್ಚಿದಂಗ ಆಗ್ತೈತಿ. ಸೀಟಿ ಜೋಡಿ ಹಿಸ್ ಅಂತನೂ ಐತಿ. ಮತ್ತ ಕರೆಂಟ್ ಹೋದಾಗೆಲ್ಲ ಟ್ವೀಟರ್ ಟಪ್ ಅಂತೈತಿ, ಯಾವತ್ತರ ಸುಟ್ಟೀತು ಅಂತ ಜೀವ ಹೊಡಕೋತೈತಿ. ಎಲ್ಲಿಂದ ಶುರು ಮಾಡ್ಲಿ?

ಟ್ರಾನ್ಸ್‌ಫಾರ್ಮರ್_ಪ್ರಿಯ:
ಎಸ್‌ಎಂಪಿಎಸ್ ತೆಗೆದು ಒಳ್ಳೆ ಟೊರಾಯ್ಡ್ ಟ್ರಾನ್ಸ್‌ಫಾರ್ಮರ್ ಹಾಕಿ, ಅಗ್ಗದ ಎಸ್‌ಎಂಪಿಎಸ್ ಎಲ್ಲಾ ಹೀಗೇ ಶಬ್ದ ಮಾಡೋದು. ನನ್ನ ಹಳೇ ಆಂಪಲ್ಲಿ ಅದೇ ಆಗಿತ್ತು.

ಶ್ರುತಿಪೆಟ್ಟಿಗೆ:
ದುಡ್ಡು ಖರ್ಚು ಮಾಡೋ ಮುಂಚೆ ಎರಡು ನಿಮಿಷದ ಟೆಸ್ಟ್ ಮಾಡಿ ಸರ್. ಮೊದಲು ಟ್ವೀಟರ್ ಬೋರ್ಡಿನ ಇನ್‌ಪುಟ್ ವೈರ್ ಬಿಚ್ಚಿ, ಇನ್‌ಪುಟ್‌ನ ಅಲ್ಲೇ ಗ್ರೌಂಡಿಗೆ ಶಾರ್ಟ್ ಮಾಡಿ ಕೇಳಿ. ಆಮೇಲೆ ಟ್ವೀಟರ್ ಬೋರ್ಡ್ ಆನ್ ಇಟ್ಟು ವೂಫರ್ ಬೋರ್ಡನ್ನ ಮಾತ್ರ ಅದರ ಎಸ್‌ಡಿ (ಶಟ್‌ಡೌನ್) ಪಿನ್ ಗ್ರೌಂಡಿಗೆ ಎಳೆದು ಮಲಗಿಸಿ. ಏನಾಯ್ತು ಹೇಳಿ.

ಹುಬ್ಳಿ_ವೂಫರ್:
ಮಾಡಿದ್ನಿರೀ. ಇನ್‌ಪುಟ್ ಶಾರ್ಟ್ ಮಾಡಿದ್ರ ಹಿಸ್ ಭಾಳ ಕಮ್ಮಿ ಆತು, ಸೀಟಿ ಹಂಗ ಉಳೀತು. ವೂಫರ್ ಬೋರ್ಡ್ ಮಲಗಿಸಿದ ಕೂಡ್ಲೆ ಸೀಟಿ ಪೂರ್ತಿ ಬಂದ್! ಇದೇನ್ರೀ ಇದು, ವೂಫರ್ ಬೋರ್ಡಿಗೂ ಟ್ವೀಟರ್‌ಗೂ ಏನ್ ಸಂಬಂಧ?

ಶ್ರುತಿಪೆಟ್ಟಿಗೆ:
ಸಂಬಂಧ ಇದೆ, ತಂಬೂರಿ ಕೇಳೋ ನಿಮಗೆ ಬೇಗ ಅರ್ಥ ಆಗತ್ತೆ. ಎರಡು ತಂತಿ ಶ್ರುತಿ ಪೂರ್ತಿ ಕೂಡದೆ ಕೂದಲೆಳೆ ಆಚೀಚೆ ಇದ್ರೆ ವಾಂವ್ ವಾಂವ್ ಅಂತ ಅಲೆ ಏಳತ್ತಲ್ಲ, ಅದೇ ಇದು. ನಿಮ್ಮ ಟಿಪಿಎ 3116 ಥರದ ಕ್ಲಾಸ್ ಡಿ ಚಿಪ್ ತನ್ನ ಔಟ್‌ಪುಟ್‌ನ ಸೆಕೆಂಡಿಗೆ ಲಕ್ಷಗಟ್ಲೆ ಸಲ ಆನ್ ಆಫ್ ಮಾಡ್ತಿರತ್ತೆ, ನಿಮ್ಮ ಬೋರ್ಡಲ್ಲಿ ಅದು 400 ಕಿಲೋಹರ್ಟ್ಸ್ ಇರಬೋದು, ಕಿವಿಗೆ ಕೇಳಲ್ಲ. ಆದ್ರೆ ಎರಡು ಬೋರ್ಡಿಗೂ ಬೇರೆ ಬೇರೆ ಆಸಿಲೇಟರ್ (ಈ ಆನ್ ಆಫ್‌ಗೆ ತಾಳ ಹಾಕೋ ಭಾಗ), ಒಂದು 400ರಲ್ಲಿ ಓಡಿ ಇನ್ನೊಂದು 403ರಲ್ಲಿ ಓಡಿದ್ರೆ ಸಪ್ಲೈ ವೈರ್ ಮೂಲಕ ಎರಡೂ ಬೆರೆತು ವ್ಯತ್ಯಾಸದ 3 ಕಿಲೋಹರ್ಟ್ಸ್ ಸೀದಾ ಕಿವಿಗೆ ಬೀಳತ್ತೆ. ಚಿಪ್ ಬಿಸಿ ಆದ ಹಾಗೆ ಆಸಿಲೇಟರ್ ಸರಿಯತ್ತೆ, ಅದಕ್ಕೇ ಸೀಟಿ ಜಾರೋದು. ಟೊರಾಯ್ಡ್ ಹಾಕಿದ್ರೂ ಇದು ಹೋಗ್ತಿರಲಿಲ್ಲ.

ಟಿಪಿಎ 3116 ಮಾಡಿದವರು ಇದಕ್ಕೆ ಅಂತಾನೇ ಸಿಂಕ್ ಅನ್ನೋ ಪಿನ್ ಕೊಟ್ಟಿದ್ದಾರೆ. ಒಂದು ಚಿಪ್ ಮಾಸ್ಟರ್, ಅದರ ತಾಳಕ್ಕೆ ಓಡೋ ಇನ್ನೊಂದು ಸ್ಲೇವ್, ಸಿಂಕ್‌ನಿಂದ ಸಿಂಕ್‌ಗೆ ಒಂದು ಚಿಕ್ಕ ವೈರ್, ಎರಡೂ ಬೋರ್ಡ್ ಹತ್ರ ಹತ್ರ ಇರ್ಲಿ. ಮಾಸ್ಟರ್ರಾ ಸ್ಲೇವಾ ಅನ್ನೋದು, ಗೇನ್ ಎಷ್ಟು, ಅಂದ್ರೆ ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗತ್ತೆ ಅನ್ನೋದು, ಎರಡೂ ಒಂದೇ ಪಿನ್ನಿನ ಎರಡು ರೆಸಿಸ್ಟರಲ್ಲಿ ನಿರ್ಧಾರ ಆಗತ್ತೆ, ಇದೇ ನಿಮ್ಮ ಹಿಸ್‌ಗೂ ಮದ್ದು, ಹೇಗೆ ಅಂತ ನೋಡಿ. 1701ರ ಡಿಎಸಿ (ಡಿಜಿಟಲ್ ಸಿಗ್ನಲ್‌ನ ಅನಲಾಗ್ ಮಾಡೋ ಭಾಗ) ಕೊಡೋದೇ ಹೆಚ್ಚೆಂದ್ರೆ 0.9 ವೋಲ್ಟ್. 24 ವೋಲ್ಟ್ ಸಪ್ಲೈಯಲ್ಲಿ ಬ್ರಿಡ್ಜ್ ಔಟ್‌ಪುಟ್ (ಸ್ಪೀಕರ್‌ನ ಎರಡೂ ತಂತಿನ ಚಿಪ್ಪೇ ಓಡಿಸೋದು) ಸುಮಾರು 17 ವೋಲ್ಟ್ ಆರ್‌ಎಂಎಸ್ ತನಕ ಹೋಗತ್ತೆ, ಅಂದ್ರೆ ವೂಫರ್‌ಗೆ 26 ಡಿಬಿ, ಅಂದ್ರೆ 20 ಪಟ್ಟು, ಸರಿಯಾಗಿ ಕೂತ್ಕೊಳತ್ತೆ. ಟ್ವೀಟರ್‌ಗೆ ಅಷ್ಟು ಯಾಕೆ ಬೇಕು? 20 ಡಿಬಿ ಇಟ್ರೆ 10 ಪಟ್ಟು, 9 ವೋಲ್ಟ್, 8 ಓಮಿಗೆ 10 ವ್ಯಾಟ್, ಮನೆಯೊಳಗೆ ಒಂದಿಂಚಿನ ಡೋಮ್‌ಗೆ ಧಾರಾಳ ಆಯ್ತು. ನೀವು ಡಿಎಸ್‌ಪಿ ಒಳಗೆ 6 ಡಿಬಿ ಇಳಿಸಿದಾಗ ಇಳಿದಿದ್ದು ಬರೀ ಹಾಡು, ಡಿಎಸಿಯ ಹಿಸ್ ಅದರ ಆಮೇಲೆ ಹುಟ್ಟೋದ್ರಿಂದ ಹಾಗೇ ಉಳಿತು. ಆ 6 ಡಿಬಿಯನ್ನ ಡಿಎಸ್‌ಪಿಯಿಂದ ತೆಗೆದು ಆಂಪಲ್ಲಿ ಇಳಿಸಿ, ಹಿಸ್ಸೂ ಅದರ ಜೊತೆ ಇಳಿಯತ್ತೆ.

ಟ್ವೀಟರ್ ಬೋರ್ಡ್‌ನ ಸ್ಲೇವ್ ಮಾಡಿ, ಸ್ಲೇವ್ 20 ಡಿಬಿಗೆ ಆ ಪಿನ್ನಿಂದ ಗ್ರೌಂಡಿಗೆ 51 ಕೆ (ಕಿಲೋ ಓಮ್), ಚಿಪ್ಪಿನದೇ ವೋಲ್ಟೇಜ್ ಪಿನ್ನಾದ ಜಿವಿಡಿಡಿಗೆ 51 ಕೆ. ವೂಫರ್ ಮಾಸ್ಟರ್ 26 ಡಿಬಿ, ಗ್ರೌಂಡಿಗೆ 20 ಕೆ, ಜಿವಿಡಿಡಿಗೆ 100 ಕೆ. ನಿಮ್ಮ ಬೋರ್ಡಲ್ಲಿ ಈಗಾಗ್ಲೇ ಅದೇ ಇದ್ಯಾ ಅಂತ ಮೀಟರಲ್ಲಿ ನೋಡ್ಕೊಳಿ. ಪವರ್ ಆನ್ ಆಗುವಾಗ ಮಾತ್ರ ಚಿಪ್ ಇದನ್ನ ಓದತ್ತೆ.

ಮಲ್ನಾಡ್_ಸೋಲ್ಡರ್:
ಸೀಟಿ ವಿಷಯ ಮೇಲಿನವರು ಹೇಳಿದ್ದೇ ಸರಿ, ನಾನು ಟಪ್ ಬಗ್ಗೆ ಹೇಳ್ತೀನಿ, ನಮ್ಮೂರಲ್ಲಿ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗತ್ತೋ ಲೆಕ್ಕ ಇಲ್ಲ. ಟ್ವೀಟರ್‌ನ ಬೆತ್ತಲೆ ಆಂಪಿಗೆ ಕಟ್ಟಬೇಡಿ, ದಯವಿಟ್ಟು. ಸೀರೀಸಲ್ಲಿ ಒಂದು 33 ಮೈಕ್ರೋ ಫ್ಯಾರಡ್ ನಾನ್ ಪೋಲಾರ್ ಕೆಪಾಸಿಟರ್ ಹಾಕಿ, 8 ಓಮಿಗೆ ಅದು ತಡೆಯೋಕೆ ಶುರು ಮಾಡೋ ಜಾಗ ಸುಮಾರು 600 ಹರ್ಟ್ಸ್ ಆಗತ್ತೆ, ನಿಮ್ಮ 2.5 ಕಿಲೋಹರ್ಟ್ಸಿಗಿಂತ ಎರಡು ಆಕ್ಟೇವ್ ಕೆಳಗೆ. ಚಿಪ್ ಸತ್ತು ಡಿಸಿ ಬಂದ್ರೂ ಕಾಯಿಲ್ ಉಳಿಯತ್ತೆ. ಆಮೇಲೆ ಮೈಕ್ ಇಟ್ಟು ಅಳೆದು ಅದರ ಪರಿಣಾಮಾನೂ ಫಿಲ್ಟರಲ್ಲೇ ಸೇರಿಸ್ಕೊಂಡ್ರೆ ಆಯ್ತು.

ಎರಡನೇದು, ಟಪ್ ಬರೋದು ಸಪ್ಲೈ ಕುಸಿಯುವಾಗ ಚಿಪ್ ಇನ್ನೂ ಎದ್ದಿರೋದ್ರಿಂದ. 24 ವೋಲ್ಟ್ 21ಕ್ಕೆ ಇಳಿದ ತಕ್ಷಣ ಎಸ್‌ಡಿ ಪಿನ್ ಗ್ರೌಂಡಿಗೆ ಎಳೆಯೋ ಒಂದು ಕಂಪ್ಯಾರೇಟರ್ (ವೋಲ್ಟೇಜ್ ಹೋಲಿಸೋ ಚಿಪ್) ಹಾಕಿ, ದೊಡ್ಡ ಕೆಪಾಸಿಟರ್ ಖಾಲಿ ಆಗೋದರೊಳಗೆ ಆಂಪ್ ಮಲಗಿರತ್ತೆ. ಆನ್ ಆಗುವಾಗ ಉಲ್ಟಾ, ಡಿಎಸ್‌ಪಿ ಈಪ್ರಾಮ್ ಮೆಮರಿಯಿಂದ ಪ್ರೋಗ್ರಾಂ ಓದಿ ಮುಗಿಸೋ ತನಕ ಆಂಪ್ ಏಳಬಾರದು, ಎರಡು ಸೆಕೆಂಡ್ ಡಿಲೇ ಕೊಡಿ.

ಹಾಂ, ಆಸಿಲೋಸ್ಕೋಪ್ ಇದ್ರೆ ಹುಷಾರು, ಇವು ಬ್ರಿಡ್ಜ್ ಔಟ್‌ಪುಟ್, ಸ್ಪೀಕರ್‌ನ ಮೈನಸ್ ಅಂದ್ರೆ ಗ್ರೌಂಡ್ ಅಲ್ಲ. ನಾನು ಪ್ರೋಬಿನ ಗ್ರೌಂಡ್ ಕ್ಲಿಪ್ ಅಲ್ಲಿಗೆ ಸಿಕ್ಕಿಸಿ ಒಂದು ಬೋರ್ಡ್ ಕಳ್ಕೊಂಡೆ, ಸಣ್ಣ ಕಿಡಿ, ಸುಟ್ಟ ವಾಸನೆ, ಅಷ್ಟೇ.

ಹುಬ್ಳಿ_ವೂಫರ್:
ರವಿವಾರ ಪೂರ್ತಿ ಇದ ಕೆಲಸರೀ. 51 ಕೆ ನಮ್ಮ ಕಡೆ ಎಸ್‌ಎಂಡಿ ಸಿಗಲಿಲ್ಲ, ಸಾದಾ ಕಾಲಿನ ರೆಸಿಸ್ಟರ್ ನಿಂದ್ರಿಸಿ ಬೆಸದೀನಿ, ಸಿಂಕ್ ವೈರ್ ಎರಡಿಂಚು. ಸೀಟಿ ಹೋತು. ಒಂದು ತಾಸು ಓಡಿಸಿ ಬಿಸಿ ಮಾಡಿ ಕೇಳಿದ್ನಿ, ಇಲ್ಲ. ಹಿಸ್ ಈಗ ಟ್ವೀಟರ್‌ಗೆ ಕಿವಿ ಹಚ್ಚಿದ್ರಷ್ಟ ಕೇಳ್ತೈತಿ. 33 ಮೈಕ್ರೋ ಹಾಕೀನಿ, ಕಂಪ್ಯಾರೇಟರ್ ಮುಂದಿನ ವಾರ. ಈಗ ಎರಡೂ ಡ್ರೈವರ್ ಕೂಡೂ ಜಾಗದಾಗ ಹೆಂಗಸಿನ ದನಿ ಸ್ವಲ್ಪ ಟೊಳ್ಳು ಅನಸ್ತೈತಿ. ಸಿಗ್ನಲ್ ಒಡಿಯಾಕ ಲಿಂಕ್‌ವಿಟ್ಜ್ ರೈಲಿ 24 ಡಿಬಿ ಫಿಲ್ಟರ್ ಹಾಕೀನಿ, ಮತ್ಯಾಕ?

ಶ್ರುತಿಪೆಟ್ಟಿಗೆ:
ಖುಷಿ ಆಯ್ತು ಸರ್, ನಿಜವಾಗ್ಲೂ. ರೈಲಿ ಜೊತೆ ಸೇರಿ ರೂಪಿಸಿ ಲಿಂಕ್‌ವಿಟ್ಜ್ 1976ರಲ್ಲಿ ಬರೆದ ಆ ಫಿಲ್ಟರ್ ಎರಡೂ ಡ್ರೈವರ್ ದನಿ ಒಂದೇ ಹೊತ್ತಿಗೆ ಕಿವಿಗೆ ಬಂದ್ರೆ ಮಾತ್ರ ಸಮವಾಗಿ ಕೂಡೋದು. ವೂಫರ್ ಕಾಯಿಲ್ ಟ್ವೀಟರ್‌ಗಿಂತ ಹಿಂದೆ ಇರತ್ತೆ, ಅದರ ದನಿ ತಡವಾಗಿ ಬರತ್ತೆ. ಡಿಎಸ್‌ಪಿಯಲ್ಲಿ ಟ್ವೀಟರ್ ವೈರ್ ಉಲ್ಟಾ ಮಾಡಿದ ಹಾಗೆ ಮಾಡೋ ಇನ್ವರ್ಟ್ ಬ್ಲಾಕ್ ಹಾಕಿ, ಆರ್‌ಇಡಬ್ಲ್ಯೂ ಅನ್ನೋ ಅಳತೆ ಸಾಫ್ಟ್‌ವೇರಲ್ಲಿ ಅಳೀತಾ ಟ್ವೀಟರ್‌ಗೆ ಒಂದೊಂದೇ ಸ್ಯಾಂಪಲ್ ಡಿಲೇ ಹೆಚ್ಚಿಸ್ತಾ ಹೋಗಿ. 48 ಕಿಲೋಹರ್ಟ್ಸಲ್ಲಿ ಒಂದು ಸ್ಯಾಂಪಲ್ ಅಂದ್ರೆ ದನಿ 7 ಮಿಲಿಮೀಟರ್ ಸಾಗೋ ಹೊತ್ತು. 2.5 ಕಿಲೋಹರ್ಟ್ಸ್ ಹತ್ರ ಗ್ರಾಫಲ್ಲಿ ಬೀಳೋ ಗುಂಡಿ ಯಾವ ಸಂಖ್ಯೆಗೆ ಅತಿ ಆಳ ಆಗತ್ತೋ ಅಲ್ಲಿ ನಿಲ್ಲಿಸಿ ಇನ್ವರ್ಟ್ ತೆಗೀರಿ. ಮೈಕ್ ಕಿವಿ ಎತ್ತರಕ್ಕೆ, ನೀವು ಕೂತು ಕೇಳೋ ಜಾಗದ ದಿಕ್ಕಲ್ಲೇ ಇಡಿ. ಗ್ರಾಫ್ ಇಲ್ಲಿ ಹಾಕಿ, ನೋಡೋಣ.